ಆತ್ಮ, ಕರ್ಮ, ಮುಕ್ತಿ: ಕಲ್ಯಾಣ ನಾಡಿನ ವಿಚಾರ ಪರಂಪರೆ

ಬೀದರ್ ಜಿಲ್ಲೆಯ ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳು ಕನ್ನಡ, ಮರಾಠಿ, ಉರ್ದು, ತೆಲುಗು ಒಟ್ಟಿಗೆ ಕಿವಿಗೆ ಬೀಳುವ ಗಡಿನಾಡು. ಆತ್ಮಕ್ಕೆ ಸಾವಿಲ್ಲ, ಮಾಡಿದ ಕರ್ಮ ಬಿಡುವುದಿಲ್ಲ, ಹುಟ್ಟುಸಾವುಗಳ ಸುತ್ತಿನಿಂದ ಬಿಡುಗಡೆಯೇ ಬಾಳಿನ ಗುರಿ ಎಂಬ ಮೂರು ನಂಬಿಕೆಗಳು ಭಾರತದ ಬಹುಭಾಗದಲ್ಲಿ ಇರುವಂತೆ ಇಲ್ಲಿಯೂ ಇವೆ. ಆದರೆ ಈ ನೆಲದಲ್ಲಿ ಹುಟ್ಟಿದ ಧರ್ಮಶಾಸ್ತ್ರ, ಇಲ್ಲಿ ಕೂಡಿದ ಶರಣರ ವಚನಗಳು, ಇಲ್ಲಿ ನೆಲೆಯಾದ ಸಂತಪರಂಪರೆ ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಶೇಷ ಒಲವು ಎದ್ದು ಕಾಣುತ್ತದೆ. ಮುಕ್ತಿ ಮನೆಮಠ ಬಿಟ್ಟವನಿಗೆ ಮಾತ್ರ ಮೀಸಲು, ಅದೂ ಎಷ್ಟೋ ಜನ್ಮಗಳ ಆಚೆ ಎಂಬ ಎಣಿಕೆಯನ್ನು ಕಲ್ಯಾಣ ನಾಡು ಮತ್ತೆಮತ್ತೆ ಪ್ರಶ್ನಿಸಿದೆ. ಮನೆಯಲ್ಲಿದ್ದು ದುಡಿಯುವವನಿಗೂ ಇದೇ ಜನ್ಮದಲ್ಲಿ ಕರ್ಮದ ಲೆಕ್ಕ ಮುಗಿಸಲು ಸಾಧ್ಯವೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಉತ್ತರ ಬಹುತೇಕ ‘ಹೌದು’ ಎಂಬ ಕಡೆಗೇ ವಾಲಿದೆ ಎಂಬುದು ಈ ಲೇಖನದ ವಾದ.

ಈ ವಿಚಾರದ ಬೇರು ಉಪನಿಷತ್ತುಗಳಲ್ಲಿದೆ. ಸತ್ತವನ ಮಾತು ಅಗ್ನಿಯನ್ನೂ ಉಸಿರು ಗಾಳಿಯನ್ನೂ ಕಣ್ಣು ಸೂರ್ಯನನ್ನೂ ಸೇರಿದ ಮೇಲೆ ಆ ಮನುಷ್ಯ ಎಲ್ಲಿ ಉಳಿಯುತ್ತಾನೆ ಎಂದು ಬೃಹದಾರಣ್ಯಕದಲ್ಲಿ ಆರ್ತಭಾಗ ಕೇಳುತ್ತಾನೆ. ಯಾಜ್ಞವಲ್ಕ್ಯ ತುಂಬಿದ ಸಭೆಯಲ್ಲಿ ಉತ್ತರಿಸದೆ ಅವನ ಕೈ ಹಿಡಿದು ಏಕಾಂತಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಅವರು ಆಡಿದ್ದು ಕರ್ಮದ ಮಾತು. ಅಂದು ಗುಟ್ಟಾಗಿದ್ದ ಈ ವಿಚಾರ ಮುಂದೆ ಎಲ್ಲರ ಬಾಯಿಮಾತಾಯಿತು. ಕೂಡಿಬಿದ್ದ ಕರ್ಮ ಸಂಚಿತ, ಅದರಲ್ಲಿ ಈ ದೇಹದ ಮೂಲಕ ಈಗ ಅನುಭವಿಸುತ್ತಿರುವುದು ಪ್ರಾರಬ್ಧ, ಇಂದು ಮಾಡಿ ನಾಳೆಗೆ ಸೇರಿಸುತ್ತಿರುವುದು ಆಗಾಮಿ. ಅರಿವು ಮೂಡಿದಾಗ ಸಂಚಿತ ಸುಟ್ಟುಹೋಗುತ್ತದೆ, ಆಗಾಮಿ ಅಂಟುವುದಿಲ್ಲ, ಪ್ರಾರಬ್ಧ ಮಾತ್ರ ಉಂಡೇ ತೀರಬೇಕು ಎಂಬುದು ವೇದಾಂತಿಗಳ ಸಾಮಾನ್ಯ ನಿಲುವು. ಒಮ್ಮತ ಇಲ್ಲಿಗೆ ಮುಗಿಯುತ್ತದೆ. ಶಂಕರರಿಗೆ ಜೀವ ಮತ್ತು ಬ್ರಹ್ಮ ಎರಡಲ್ಲವಾದ್ದರಿಂದ ಮುಕ್ತಿ ಎಂದರೆ ಹೊಸದಾಗಿ ಪಡೆಯುವುದಲ್ಲ, ಇದ್ದದ್ದನ್ನು ಅರಿಯುವುದು. ರಾಮಾನುಜರಿಗೆ ಜೀವ ಬ್ರಹ್ಮದ ಶರೀರ, ಮುಕ್ತನಾದ ಮೇಲೂ ಅದು ಬೇರೆಯಾಗಿಯೇ ಉಳಿಯುತ್ತದೆ. ಉಡುಪಿಯ ಮಧ್ವರಿಗೆ ಜೀವಜೀವಗಳ ನಡುವಿನ ಭೇದವೂ ತಾರತಮ್ಯವೂ ಮೋಕ್ಷದಲ್ಲಿಯೂ ಅಳಿಯುವುದಿಲ್ಲ.

ಕಲ್ಯಾಣ ನಾಡಿನಲ್ಲಿ ಸಾಮಾನ್ಯ ಜನ ಹಿಂದೆ ಏನನ್ನು ನಂಬಿದ್ದರು ಎಂಬುದಕ್ಕೆ ಶಾಸ್ತ್ರಗ್ರಂಥಗಳಿಗಿಂತ ಕಲ್ಲುಗಳೇ ನೇರ ಸಾಕ್ಷಿ. 11ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ. ಆ ಕಾಲದ ದಾನಶಾಸನಗಳ ಕೊನೆಯಲ್ಲಿ ಶಾಪಾಶಯದ ಸಾಲುಗಳಿರುತ್ತವೆ. ಕೊಟ್ಟ ಭೂಮಿಯನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಪುಣ್ಯ, ಕಸಿದವನಿಗೆ ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವ ಗತಿ. ಕರ್ಮದ ಭಯವನ್ನು ಆಸ್ತಿಯ ಕಾವಲಿಗೆ ನಿಲ್ಲಿಸಿದ್ದು ಇಲ್ಲಿ ಸ್ಪಷ್ಟ. ವೀರಗಲ್ಲುಗಳದು ಇನ್ನೊಂದು ಲೆಕ್ಕ. ಕೆಳಗಿನ ಪಟ್ಟಿಯಲ್ಲಿ ಆಳು ಬಿಲ್ಲೋ ಕತ್ತಿಯೋ ಹಿಡಿದು ಹೋರಾಡುತ್ತಿರುತ್ತಾನೆ, ಪಕ್ಕದಲ್ಲಿ ಹಲವು ಕಡೆ ತುರುಗಳ ಹಿಂಡು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಎರಡೂ ತೋಳು ಹಿಡಿದು ಅವನನ್ನು ಮೇಲೆತ್ತುತ್ತಾರೆ. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಅವನೇ ಕೈಮುಗಿದು ಕುಳಿತಿದ್ದಾನೆ. ಊರಿನ ದನ ಬಿಡಿಸಲು ಹೋಗಿ ಸತ್ತವನಿಗೆ ಜನ್ಮಾಂತರದ ಕಾಯುವಿಕೆಯಿಲ್ಲ, ಒಂದೇ ನೆಗೆತಕ್ಕೆ ಶಿವಲೋಕ. ಪಂಡಿತರ ಕರ್ಮಸಿದ್ಧಾಂತದ ಪಕ್ಕದಲ್ಲಿ ಹೀಗೊಂದು ಜನಪದ ಕರ್ಮಸಿದ್ಧಾಂತ ಇತ್ತು. ಒಂದು ಕೆಲಸ, ಅದು ನಿಸ್ವಾರ್ಥವಾಗಿದ್ದರೆ, ಉಳಿದೆಲ್ಲ ಲೆಕ್ಕವನ್ನೂ ಮೀರಬಲ್ಲದು ಎಂಬುದು ಅದರ ತಿರುಳು. ಅರಸರೂ ಇದೇ ಬಗೆಯ ದಾರಿ ಹುಡುಕಿದರು. ವಾಸಿಯಾಗದ ಕಾಯಿಲೆಗೆ ತುತ್ತಾದ ಸೋಮೇಶ್ವರ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಆ ಪ್ರಸಂಗವನ್ನು ಆತನ ಮಗನ ಆಸ್ಥಾನಕವಿ ಬಿಲ್ಹಣ ‘ವಿಕ್ರಮಾಂಕದೇವ ಚರಿತ’ದಲ್ಲಿ ವರ್ಣಿಸಿದ್ದಾನೆ.

ಆ ಮಗನೇ ಆರನೆಯ ವಿಕ್ರಮಾದಿತ್ಯ. 1076ರಿಂದ 1126ರವರೆಗೆ ಆಳಿದ ಆತನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಕಲ್ಯಾಣದಂಥ ನಗರ ಹಿಂದೆಯೂ ಇರಲಿಲ್ಲ, ಮುಂದೆಯೂ ಇರದು ಎಂದು ಗ್ರಂಥದ ಕೊನೆಯಲ್ಲಿ ಆತ ಹೊಗಳಿಕೊಂಡಿದ್ದಾನೆ. ಈ ಕೃತಿಯನ್ನು ಜನ ಬಲ್ಲದ್ದು ಆಸ್ತಿ ಹಂಚಿಕೆಯ ಕಾನೂನಿಗಾಗಿ. ಆದರೆ ಸ್ಮೃತಿಯ ಮೂರನೆಯ ಭಾಗವಾದ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಆತ್ಮ ದೇಹಕ್ಕೆ ಬರುವ ಬಗೆ, ಭ್ರೂಣ ಬೆಳೆಯುವ ಬಗೆ, ಯಾವ ಪಾಪಕ್ಕೆ ಯಾವ ಜನ್ಮ ಎಂಬ ವಿವರಗಳೆಲ್ಲ ಇವೆ. ಈ ಸ್ಮೃತಿಯ ಎರಡು ಮಾತು ನಮ್ಮ ವಿಷಯಕ್ಕೆ ಬಹಳ ಮುಖ್ಯ. ನ್ಯಾಯವಾಗಿ ಗಳಿಸುವ, ತತ್ತ್ವದಲ್ಲಿ ನೆಲೆನಿಂತ, ಅತಿಥಿಗಳನ್ನು ಆದರಿಸುವ, ಶ್ರಾದ್ಧ ನಡೆಸುವ, ಸತ್ಯ ನುಡಿಯುವ ಗೃಹಸ್ಥನೂ ಮುಕ್ತನಾಗುತ್ತಾನೆ ಎಂಬುದು ಒಂದು. ಸನ್ಯಾಸವನ್ನೇ ಮೋಕ್ಷದ ಹೆಬ್ಬಾಗಿಲು ಎಂದು ಸಾರುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆ ಪಟ್ಟಿಯ ಮೊದಲ ಸ್ಥಾನದಲ್ಲಿ ಮಂತ್ರವಿಲ್ಲ, ಯಜ್ಞವಿಲ್ಲ, ಸಂಪಾದನೆಯ ಶುದ್ಧಿಯಿದೆ. ಎರಡನೆಯದು ಸ್ಮೃತಿಯ ಮೊದಲ ಅಧ್ಯಾಯದ ರಾಜಧರ್ಮ ಭಾಗದಲ್ಲಿದೆ. ದೈವ ಎಂದರೆ ಹಿಂದಿನ ಜನ್ಮದ ಪ್ರಯತ್ನವೇ, ಒಂದೇ ಗಾಲಿಯಿಂದ ರಥ ನಡೆಯದಂತೆ ಪುರುಷಪ್ರಯತ್ನವಿಲ್ಲದೆ ದೈವ ಫಲಿಸದು ಎಂದು ಅಲ್ಲಿ ಹೇಳಿದೆ. ಕರ್ಮವನ್ನು ಹಣೆಬರಹ ಎಂದು ಕೈಚೆಲ್ಲಿ ಕೂರುವವರಿಗೆ ಕರ್ಮವನ್ನು ನಂಬಿದ ಗ್ರಂಥವೇ ಕೊಟ್ಟ ಉತ್ತರವಿದು.

ಮಿತಾಕ್ಷರೆಯ ಕಾನೂನಿನಲ್ಲಿಯೂ ಆತ್ಮದ ವಿಚಾರ ಅಡಗಿದೆ. ಸತ್ತವನ ಆಸ್ತಿ ಯಾರಿಗೆ ಸೇರಬೇಕು? ಪಿಂಡ ಕೊಟ್ಟು ಸತ್ತವನ ಆತ್ಮಕ್ಕೆ ಹೆಚ್ಚು ಉಪಕಾರ ಮಾಡಬಲ್ಲವನಿಗೆ ಎಂದು ಬಂಗಾಳದಲ್ಲಿ ನಡೆದ ಜೀಮೂತವಾಹನನ ದಾಯಭಾಗ ಹೇಳಿತು. ವಿಜ್ಞಾನೇಶ್ವರ ಸಪಿಂಡ ಸಂಬಂಧಕ್ಕೆ ಬೇರೆಯೇ ಅರ್ಥ ಕೊಟ್ಟ: ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು, ಮಗನ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಸ್ವತಃ ಸನ್ಯಾಸಿಯಾಗಿದ್ದವನೊಬ್ಬ ಆಸ್ತಿಯ ಪ್ರಶ್ನೆಯನ್ನು ಪರಲೋಕದ ಲೆಕ್ಕದಿಂದ ಬಿಡಿಸಿ ರಕ್ತಸಂಬಂಧಕ್ಕೆ ಕಟ್ಟಿದ ಎಂಬುದು ಗಮನಿಸಬೇಕಾದ ಸಂಗತಿ. ಆದರೂ ಒಂದು ಎಳೆ ಉಳಿದೇ ಉಳಿಯಿತು. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ, ತೀರಿಸದಿದ್ದರೆ ಅಪ್ಪನಿಗೆ ಪರಲೋಕದಲ್ಲಿ ಬಿಡುಗಡೆಯಿಲ್ಲ. ಕುಡಿತಕ್ಕೋ ಜೂಜಿಗೋ ಮಾಡಿದ ಸಾಲಕ್ಕೆ ಮಾತ್ರ ಮಗ ಹೊಣೆಯಲ್ಲ. ಈ ನಿಯಮ ಬ್ರಿಟಿಷರ ನ್ಯಾಯಾಲಯಗಳನ್ನೂ ದಾಟಿ ಬಂದು, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೂಲಕ ರದ್ದಾಯಿತು. ಅದೇ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಮಗನ ದುಡ್ಡಿನಿಂದ ಅಪ್ಪನ ಆತ್ಮ ಬಿಡುಗಡೆಯಾಗುವುದಾದರೆ, ಅವರವರ ಕರ್ಮ ಅವರವರಿಗೆ ಎಂಬ ಮಾತಿಗೆ ಏನರ್ಥ? ಶ್ರಾದ್ಧಕ್ಕೂ ಇದೇ ಪ್ರಶ್ನೆ ತಗಲುತ್ತದೆ. ಧರ್ಮಶಾಸ್ತ್ರಕಾರರು ಇದಕ್ಕೆ ಸಮಾಧಾನಗಳನ್ನು ಕೊಟ್ಟಿದ್ದಾರೆ, ಆದರೆ ತಡವರಿಕೆಯಿಲ್ಲದ ಉತ್ತರ ಬಂದದ್ದು ಅದೇ ಕಲ್ಯಾಣದಲ್ಲಿ, ಅರ್ಧ ಶತಮಾನ ಕಳೆದ ಮೇಲೆ.

12ನೆಯ ಶತಮಾನದ ಮಧ್ಯಭಾಗದಲ್ಲಿ ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರ ಸುತ್ತ ಕೂಡಿದ ಶರಣರು ಪುನರ್ಜನ್ಮವನ್ನು ಅಲ್ಲಗಳೆಯಲಿಲ್ಲ. ಭವ, ಭವಿ, ಎಂಬತ್ತನಾಲ್ಕು ಲಕ್ಷ ಯೋನಿ ಇವೆಲ್ಲ ಅಕ್ಕಮಹಾದೇವಿಯಿಂದ ಹಿಡಿದು ಹಲವರ ವಚನಗಳಲ್ಲಿ ಬರುತ್ತವೆ. ಅವರು ಅಲ್ಲಗಳೆದದ್ದು ಅದರ ಹಿಡಿತವನ್ನು. ಆಣವ, ಮಾಯಾ, ಕಾರ್ಮಿಕ ಎಂಬ ಮೂರು ಮಲಗಳು ಜೀವವನ್ನು ಕಟ್ಟಿವೆ. ಗುರು ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಅವನ್ನು ಕಳೆದು ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳನ್ನು ನೆಲೆಗೊಳಿಸುತ್ತಾನೆ. ಆ ಕ್ಷಣದಿಂದ ಅದೇ ಮನುಷ್ಯನಿಗೆ ಹೊಸ ಹುಟ್ಟು. ಹಿಂದಿನ ಜನ್ಮದ ಲೆಕ್ಕ ಅವನನ್ನು ಮುಟ್ಟದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಏರುವುದು ಈ ಒಂದೇ ಬಾಳಿನ ಕೆಲಸ. ಕೊನೆಯಲ್ಲಿ ಅಂಗವು ಲಿಂಗದಲ್ಲಿ ಸಮರಸವಾದಾಗ ಬೇರೆಯಾಗಿ ಉಳಿಯುವ ನಿತ್ಯ ಜೀವವೊಂದಿಲ್ಲ. ಆತ್ಮ ನಿತ್ಯ ಎಂಬ ಮಾತಿಗೆ ಶರಣರು ಕೊಡುವ ಅರ್ಥ ಇಷ್ಟೇ: ನಿತ್ಯವಾದದ್ದು ಲಿಂಗ, ‘ನಾನು’ ಎಂಬುದು ನಿತ್ಯವಲ್ಲ.

ಪುಣ್ಯವೂ ಕಟ್ಟುತ್ತದೆ ಎಂಬ ತತ್ತ್ವ ಸಿದ್ಧರಾಮನ ಪ್ರಸಂಗದಲ್ಲಿ ಮೈದಳೆದಿದೆ. ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ ಗುಡಿ ಎತ್ತಿಸುತ್ತಿದ್ದ ಆ ಕರ್ಮಯೋಗಿಯನ್ನು ಅಲ್ಲಮಪ್ರಭು ಕೆಣಕಿ, ವಾದಿಸಿ, ಕಲ್ಯಾಣಕ್ಕೆ ಕರೆತಂದ ಕಥೆ ‘ಶೂನ್ಯಸಂಪಾದನೆ’ಯಲ್ಲಿದೆ. ಲೋಕೋಪಕಾರ ಬೇಡವೆಂದು ಅಲ್ಲಮ ಹೇಳಲಿಲ್ಲ. ಮಾಡಿದವನು ನಾನು ಎಂಬ ಎಣಿಕೆ ಉಳಿದಿರುವ ತನಕ ಕೆರೆಯೂ ಕಟ್ಟೇ ಎಂಬುದು ಆತನ ತಕರಾರು. ಹುಮನಾಬಾದ್ ತಾಲ್ಲೂಕಿನ ಮೋಳಕೇರಾದ ನೆನಪಿನಲ್ಲಿ ಉಳಿದಿರುವ ಮೋಳಿಗೆ ಮಾರಯ್ಯನ ಕಥೆ ಇದರ ಇನ್ನೊಂದು ಮುಖ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಸೌದೆ ಹೊತ್ತು ಬದುಕಿದವನೆಂದು ಪರಂಪರೆ ಹೇಳುವ ಆತನಿಗೆ ಕಡೆಗೆ ಕೈಲಾಸಕ್ಕೆ ಹೋಗುವ ಹಂಬಲ ಹುಟ್ಟಿದಾಗ, ಹೆಂಡತಿ ಮಹಾದೇವಮ್ಮ ತಡೆದು, ಇಲ್ಲಿ ಕಾಣದ ಶಿವನನ್ನು ಇನ್ನೆಲ್ಲಿ ಹುಡುಕುತ್ತೀರಿ ಎಂಬ ಅರ್ಥದಲ್ಲಿ ತಿದ್ದುತ್ತಾಳೆ. ರಾಜ್ಯ ಬಿಡುವುದು ಸುಲಭ, ಮುಕ್ತಿಯ ಆಸೆ ಬಿಡುವುದು ಕಷ್ಟ ಎಂಬ ಅರಿವು ಒಬ್ಬ ಗೃಹಿಣಿಯ ಬಾಯಲ್ಲಿ ಬಂದಿರುವುದು ಈ ಪರಂಪರೆಯ ಹಿರಿಮೆ. ಶೂನ್ಯಸಂಪಾದನೆಗಳು 15ನೆಯ ಶತಮಾನ ಮತ್ತು ಅದರ ಆಸುಪಾಸಿನ ಸಂಕಲನಗಳು, ಅವನ್ನು ನಡೆದ ಮಾತಿನ ವರದಿ ಎಂದು ಓದಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಮೂರು ಶತಮಾನ ಕಳೆದ ಮೇಲೂ ಕಲ್ಯಾಣವನ್ನು ನೆನೆದವರು ಯಾವ ಪ್ರಶ್ನೆಗಳ ಊರಾಗಿ ನೆನೆದರು ಎಂಬುದಕ್ಕೆ ಅವು ಗಟ್ಟಿ ಸಾಕ್ಷಿ.

ದೀಕ್ಷೆಯಿಂದ ಹಳೆಯ ಕರ್ಮವೆಲ್ಲ ತೊಳೆದುಹೋಗುವುದಾದರೆ ನ್ಯಾಯ ಎಲ್ಲಿ ಉಳಿಯಿತು, ಕೆಟ್ಟವನಿಗೆ ಇದು ಸುಲಭದ ಬಿಡುಗಡೆಯಲ್ಲವೇ ಎಂದು ಕೇಳಬಹುದು. ಶರಣರ ಮೇಲೆ ಹೊರಿಸಬಹುದಾದ ಆಕ್ಷೇಪಗಳಲ್ಲಿ ಇದೇ ಅತ್ಯಂತ ಬಲವಾದದ್ದು. ಉತ್ತರ ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿದೆ. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಆಕೆ ಅದನ್ನು ಒಲೆಯ ಮೇಲೆ ಇಡಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ಆಸೆಯ ಪಾಲು, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಹಿಂದಿನ ಜನ್ಮದ ಲೆಕ್ಕ ಮುಚ್ಚಿದವರು ಇಂದಿನ ಲೆಕ್ಕವನ್ನು ಅಕ್ಕಿಕಾಳಿನ ಮಟ್ಟಿಗೆ ಬಿಗಿ ಮಾಡಿದರು. ಕಾಯಕ ಮತ್ತು ದಾಸೋಹ ದೀಕ್ಷೆಯ ನಂತರದ ಅಲಂಕಾರವಲ್ಲ, ದೀಕ್ಷೆ ಫಲಿಸಿತೇ ಎಂಬುದರ ಪರೀಕ್ಷೆ. ಯಾಜ್ಞವಲ್ಕ್ಯ ಸ್ಮೃತಿಯ ಗೃಹಸ್ಥನಿಗೆ ನ್ಯಾಯದ ಗಳಿಕೆ ಮೊದಲ ಅರ್ಹತೆಯಾಗಿತ್ತು. ಶರಣರಲ್ಲಿ ಅದೇ ಸಾಧನೆಯ ಉಸಿರಾಯಿತು, ಶ್ರಾದ್ಧ ಬಿದ್ದುಹೋಯಿತು.

ಶ್ರಾದ್ಧ ಬಿದ್ದುಹೋದದ್ದು ಸಾವಿನ ಕ್ರಿಯೆಯಲ್ಲಿ ಕಣ್ಣಿಗೆ ಕಾಣುತ್ತದೆ. ಈ ಭಾಗದ ಲಿಂಗಾಯತರ ಮನೆಗಳಲ್ಲಿ ಹೆಣವನ್ನು ಮಲಗಿಸಿ ಹೊರುವುದಿಲ್ಲ. ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಕುಳ್ಳಿರಿಸಿ, ಹೂವಿನಿಂದ ಅಲಂಕರಿಸಿದ ವಿಮಾನದಲ್ಲಿ ಭಜನೆಯೊಂದಿಗೆ ಒಯ್ಯುತ್ತಾರೆ. ಕುಣಿಯಲ್ಲಿಯೂ ಕುಳಿತ ಭಂಗಿಯೇ. ಎಡಗೈಯಲ್ಲಿ ಬದುಕಿನುದ್ದಕ್ಕೂ ಪೂಜಿಸಿದ ಇಷ್ಟಲಿಂಗ, ಸುತ್ತ ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು. ಪೂಜೆಗೆ ಕುಳಿತವನು ಪೂಜೆಯಲ್ಲಿಯೇ ಇದ್ದಾನೆ ಎಂಬ ಭಾವ. ಪ್ರೇತವಾಗಿ ಅಲೆಯುವ ಆತ್ಮವಿಲ್ಲವಾದ್ದರಿಂದ ಅದಕ್ಕೆ ಪಿಂಡ ಬೇಡ. ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು ತತ್ತ್ವ ಒಪ್ಪದ್ದರಿಂದ ಮನೆಗೆ ಮೈಲಿಗೆಯೂ ಇಲ್ಲ. ನಂತರದ ದಿನಗಳಲ್ಲಿ ನಡೆಯುವ ಶಿವಗಣಾರಾಧನೆಯ ಊಟ ಬದುಕಿರುವವರಿಗೆ. ಪಕ್ಕದ ಮನೆಯಲ್ಲಿ ದಹನ, ಹದಿಮೂರು ದಿನದ ಕರ್ಮ, ಕಾಗೆ ಪಿಂಡ ಮುಟ್ಟುವುದನ್ನು ಕಾಯುವ ಆತಂಕ ಇರಬಹುದು. ಆತ್ಮದ ಬಗೆಗಿನ ಎರಡು ವಾದಗಳು ಒಂದೇ ಓಣಿಯಲ್ಲಿ ಹೀಗೆ ಅಕ್ಕಪಕ್ಕ ನಡೆಯುತ್ತವೆ. ಆಚರಣೆ ತತ್ತ್ವದಷ್ಟು ಕಟ್ಟುನಿಟ್ಟಾಗಿಲ್ಲ ಎಂಬುದನ್ನೂ ಹೇಳಬೇಕು. ಮೂರನೆಯ ದಿನ ಸಮಾಧಿಯ ಬಳಿ ಎಡೆ ಇಡುವ, ಹಿರಿಯರ ಹೆಸರಿನಲ್ಲಿ ವರ್ಷಕ್ಕೊಮ್ಮೆ ನೈವೇದ್ಯ ಮಾಡುವ ಲಿಂಗಾಯತ ಮನೆಗಳು ಎಷ್ಟೋ ಇವೆ. ಸತ್ತವರನ್ನು ಬರಿಗೈಲಿ ಕಳಿಸಲು ಮನಸ್ಸು ಒಪ್ಪುವುದಿಲ್ಲ, ಅದನ್ನು ಅಜ್ಞಾನವೆಂದು ತಳ್ಳುವುದು ಕಠೋರತನ.

ಕರ್ಮಸಿದ್ಧಾಂತ ಜಾತಿಯ ಸಮರ್ಥನೆಗೆ ಬಳಕೆಯಾಯಿತು ಎಂಬ ಆರೋಪಕ್ಕೆ ಆಧಾರ ಗ್ರಂಥದಲ್ಲಿಯೇ ಇದೆ. ಒಳ್ಳೆಯ ನಡತೆಯವರು ಮೇಲ್ವರ್ಣದಲ್ಲಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ, ಚಂಡಾಲರಾಗಿ ಹುಟ್ಟುತ್ತಾರೆ ಎಂದು ಛಾಂದೋಗ್ಯದ ಐದನೆಯ ಅಧ್ಯಾಯ ಹೇಳುತ್ತದೆ. ಹುಟ್ಟಿನ ದುಃಖಕ್ಕೆ ಹುಟ್ಟಿದವನನ್ನೇ ಹೊಣೆ ಮಾಡುವ ಈ ವಾದ, ಬಡವರ ಸ್ಥಿತಿಯ ಹೊಣೆಯಿಂದ ಸಮಾಜವೂ ರಾಜ್ಯವೂ ನುಣುಚಿಕೊಳ್ಳಲು ದಾರಿ ಮಾಡುತ್ತದೆ ಎಂದು ಅಂಬೇಡ್ಕರರು 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಬರೆದರು. ಈ ಟೀಕೆಯನ್ನು ತಳ್ಳಿಹಾಕಲು ಬರುವುದಿಲ್ಲ. ಅದರ ಒಂದು ಪೂರ್ವರೂಪ ಕಲ್ಯಾಣದಲ್ಲಿಯೇ ನಡೆದುಹೋಗಿತ್ತು. ಬಸವಣ್ಣ ತನ್ನ ವಂಶವನ್ನು ಅಸ್ಪೃಶ್ಯರೆನಿಸಿದ್ದ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರಲ್ಲಿ ಹೇಳಿಕೊಂಡಾಗ, ಹುಟ್ಟು ಹಿಂದಿನ ಕರ್ಮದ ತೀರ್ಪು ಎಂಬ ಮಾತಿನ ಬುಡವೇ ಅಲ್ಲಾಡಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದು, ಅದಕ್ಕಾಗಿ ತಂದೆಯರು ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ಅನುಭವಿಸಿದ್ದು, 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಕೊನೆಗೊಂಡು ಶರಣರು ಚೆದುರಿದ್ದು ಪರಂಪರೆಯ ಕಥನ. ಕರ್ಮ ಎಂಬುದು ಬರಿಯ ತತ್ತ್ವವಾಗಿದ್ದರೆ ಒಂದು ಮದುವೆಗೆ ಇಷ್ಟು ರಕ್ತ ಹರಿಯುತ್ತಿರಲಿಲ್ಲ.

ನೆನಪಿಲ್ಲದ ತಪ್ಪಿಗೆ ಶಿಕ್ಷೆ ನ್ಯಾಯವೇ ಎಂಬ ಹಳೆಯ ಆಕ್ಷೇಪವೂ ಇದೆ. ಉಳಿಯುವುದು ನೆನಪಲ್ಲ, ಸಂಸ್ಕಾರ ಎಂಬುದು ದರ್ಶನಕಾರರ ಉತ್ತರ. ಹುಟ್ಟಿದ ಕೂಸು ಕಲಿಸದೆಯೇ ಮೊಲೆಯುಣ್ಣುವುದನ್ನು ನೈಯಾಯಿಕರು ಹಿಂದಿನ ಜನ್ಮಕ್ಕೆ ಸಾಕ್ಷಿಯಾಗಿ ಒಡ್ಡಿದರು. ಇಂದಿನ ಜೀವಶಾಸ್ತ್ರ ಅದಕ್ಕೆ ಬೇರೆ ಕಾರಣ ಕೊಡುತ್ತದೆ, ಆ ವಾದ ಈಗ ನಿಲ್ಲುವುದಿಲ್ಲ. ಲೋಕದ ಏರುಪೇರಿಗೆ ದೇವರು ಕಾರಣನಲ್ಲ, ಜೀವಿಗಳ ಕರ್ಮವೇ ಕಾರಣ, ಆ ಕರ್ಮಕ್ಕೆ ಆದಿಯಿಲ್ಲ ಎಂಬ ಬ್ರಹ್ಮಸೂತ್ರದ ಸಮಾಧಾನ ತರ್ಕಕ್ಕೆ ಒಪ್ಪುತ್ತದೆ, ಆದರೆ ಆದಿಯಿಲ್ಲ ಎಂದೊಡನೆ ಪ್ರಶ್ನೆ ಮುಂದಕ್ಕೆ ಹೋಗುತ್ತದೆಯೇ ಹೊರತು ಮುಗಿಯುವುದಿಲ್ಲ. ಹಿಂದಿನ ಜನ್ಮವನ್ನು ತೋರಿಸಿ ಇಂದಿನ ನೋವನ್ನು ವಿವರಿಸುವ ಹೊಣೆಯನ್ನೇ ಶರಣರು ಹೊರಲಿಲ್ಲ. ಮುಂದಿನ ಹೆಜ್ಜೆ ಶುದ್ಧವಾಗಿದೆಯೇ ಎಂದಷ್ಟೇ ಕೇಳಿದರು. ಪುರಾವೆಯ ದೃಷ್ಟಿಯಿಂದ ಇದು ಗಟ್ಟಿಯಾದ ನೆಲ.

ಈ ನಾಡೆಲ್ಲ ಒಂದೇ ದನಿಯಲ್ಲಿ ಮಾತಾಡಿತು ಎಂದರೆ ತಪ್ಪಾಗುತ್ತದೆ. ದಕ್ಷಿಣಕ್ಕೆ ಕಾಗಿಣಾ ದಂಡೆಯ ಮಳಖೇಡದಲ್ಲಿ 14ನೆಯ ಶತಮಾನದ ದ್ವೈತ ಆಚಾರ್ಯ ಜಯತೀರ್ಥರ ಸ್ಮರಣೆ ನೆಲೆಯೂರಿದೆ. ಮಧ್ವಮತದ ಪ್ರಕಾರ ಪ್ರತಿ ಜೀವಕ್ಕೂ ಅದರದೇ ಸ್ವಭಾವ, ಅದರದೇ ಯೋಗ್ಯತೆ. ಮುಕ್ತಿ ಎಲ್ಲ ಜೀವಗಳಿಗೂ ಇಲ್ಲ, ಮುಕ್ತರ ಆನಂದವೂ ಸಮವಲ್ಲ. ಶರಣರ ವಾದಕ್ಕೆ ಇದಕ್ಕಿಂತ ನೇರವಾದ ವಿರೋಧ ಸಿಕ್ಕದು. ಆದರೂ ಅದೇ ಮತದಿಂದ ಬಂದ ಹರಿದಾಸರು ತಾರತಮ್ಯದ ತತ್ತ್ವವನ್ನು ಇಟ್ಟುಕೊಂಡೇ ಕನ್ನಡದಲ್ಲಿ, ಬೀದಿಯಲ್ಲಿ, ಎಲ್ಲರ ಮುಂದೆ ಹಾಡಿದರು. ಬಾಗಿಲು ಕಿರಿದು ಎಂದು ಹೇಳಿದವರೂ ಜನರನ್ನು ಬಾಗಿಲಿನ ತನಕ ಕರೆದರು.

ಧರ್ಮಶಾಸ್ತ್ರ, ವಚನಗಳ ಬಳಿಕ ಮೂರನೆಯ ಘಟ್ಟ 19ನೆಯ ಶತಮಾನದ್ದು. 1817ರ ದತ್ತ ಜಯಂತಿಯಂದು ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಕಲ್ಯಾಣದಲ್ಲಿ ಬೆಳೆದು, 1845ರಲ್ಲಿ ಹುಮನಾಬಾದಿನ ಪಕ್ಕ ಮಾಣಿಕನಗರದಲ್ಲಿ ನೆಲೆನಿಂತರು. ತತ್ತ್ವ ಅದ್ವೈತ, ಉಪಾಸನೆ ದತ್ತಾತ್ರೇಯನದು, ಸಂಪ್ರದಾಯದ ಹೆಸರು ‘ಸಕಲಮತ’. ಎಲ್ಲ ಮತಗಳೂ ಒಂದೇ ಚೈತನ್ಯದ ಆರಾಧನೆಯಾದ್ದರಿಂದ ಯಾವುದನ್ನೂ ಖಂಡಿಸಬೇಕಿಲ್ಲ ಎಂಬುದು ಅದರ ನಿಲುವು. ನಿಜಾಮರ ಸೀಮೆಯಲ್ಲಿ ಹಿಂದೂಗಳಂತೆ ಮುಸ್ಲಿಮರೂ ಅವರ ದರಬಾರಿಗೆ ಬರುತ್ತಿದ್ದರು. ಅವರ ಪದಗಳು ಮರಾಠಿ, ಕನ್ನಡ, ಹಿಂದಿ, ಉರ್ದು ಮುಂತಾದ ಭಾಷೆಗಳಲ್ಲಿವೆ. 1865ರಲ್ಲಿ ಅವರು ಜೀವಂತ ಸಮಾಧಿ ಹೊಂದಿದರೆಂದು ಭಕ್ತರು ನಂಬುತ್ತಾರೆ. ಶರಣರಿಗೂ ಇವರಿಗೂ ಅಂತರ ದೊಡ್ಡದು: ಇಲ್ಲಿ ವೇದವಿದೆ, ಪೀಠವಿದೆ, ಉತ್ಸವದ ವೈಭವವಿದೆ. ಆದರೆ ಆತ್ಮ ಎಲ್ಲರಲ್ಲಿ ಒಂದೇ ಎಂಬ ಅದ್ವೈತದ ಮಾತನ್ನು ಗ್ರಂಥದಲ್ಲಿ ಬಿಡದೆ, ಪಂಕ್ತಿಯಲ್ಲಿ, ದರಬಾರಿನಲ್ಲಿ, ಬಂದದ್ದನ್ನೆಲ್ಲ ಕೊಟ್ಟುಬಿಡುವ ದಾನದಲ್ಲಿ ನಡೆಸಿ ನೋಡಿದ್ದರಿಂದ ಅವರೂ ಇದೇ ಸಾಲಿಗೆ ಸೇರುತ್ತಾರೆ. ಆ ಸಂಸ್ಥಾನ ಇಂದು ವೇದಪಾಠಶಾಲೆಯ ಜತೆಗೆ ಅಂಧ ಮಕ್ಕಳ ಶಾಲೆಯನ್ನೂ ನಡೆಸುತ್ತಿದೆ. ಕುರುಡು ಹಿಂದಿನ ಜನ್ಮದ ಪಾಪದ ಫಲ ಎನ್ನುವ ಕರ್ಮವಿಪಾಕದ ಮಾತು ಬಲ್ಲವರಿಗೆ ಆ ಶಾಲೆಯ ಅರ್ಥ ಬೇರೆ ಹೇಳಬೇಕಿಲ್ಲ.

ಲಿಂಗಾಯತರ ನಂಬಿಕೆಯನ್ನು ಹಿಂದೂ ನಂಬಿಕೆಯ ಲೇಖನದಲ್ಲಿ ಸೇರಿಸಬಹುದೇ ಎಂಬ ಪ್ರಶ್ನೆ ಈಗ ಜೀವಂತವಾಗಿದೆ. ಲಿಂಗಾಯತವನ್ನು ಪ್ರತ್ಯೇಕ ಧರ್ಮವೆಂದು ಪರಿಗಣಿಸುವಂತೆ ಕರ್ನಾಟಕ ಸರ್ಕಾರ 2018ರ ಮಾರ್ಚ್‌ನಲ್ಲಿ ಕೇಂದ್ರಕ್ಕೆ ಶಿಫಾರಸು ಮಾಡಿತು, ಕೇಂದ್ರ ಅದನ್ನು ಒಪ್ಪಲಿಲ್ಲ. ಬಸವಪರಂಪರೆಯ ಮಠವೊಂದು ನೆಲೆಸಿರುವ ಹುಲಸೂರಿನಂಥ ಊರುಗಳಲ್ಲಿ ಈ ಚರ್ಚೆ ದೂರದ ರಾಜಕೀಯವಲ್ಲ. ಕರ್ಮ, ಭವ, ಮಲ, ದೀಕ್ಷೆ ಎಂಬ ಪದಗಳು ಶೈವಾಗಮಗಳಿಂದ ಬಂದವು ಎಂದು ಒಂದು ಪಕ್ಷ ತೋರಿಸುತ್ತದೆ. ಆ ಪದಗಳಿಗೆ ಶರಣರು ಕೊಟ್ಟ ಅರ್ಥ ವೇದ, ವರ್ಣ, ಶ್ರಾದ್ಧ ಮೂರನ್ನೂ ಬಿಟ್ಟು ನಿಂತಿದೆ ಎಂದು ಇನ್ನೊಂದು ಪಕ್ಷ ತೋರಿಸುತ್ತದೆ. ಎರಡೂ ನಿಜ. ಹೆಸರಿನ ತೀರ್ಮಾನ ಏನೇ ಆಗಲಿ, ಗೃಹಸ್ಥನಿಗೂ ಮುಕ್ತಿಯುಂಟೆಂಬ ಮಾತನ್ನು ಸಂಸ್ಕೃತದಲ್ಲಿ ವ್ಯಾಖ್ಯಾನಿಸಿದವನೂ, ಅದನ್ನು ಕನ್ನಡದಲ್ಲಿ ಸೌದೆ ಹೊರುವವನ ಮನೆಗೆ ಒಯ್ದವರೂ ಒಂದೇ ಊರಿನಲ್ಲಿ, ಒಂದು ಶತಮಾನದ ಒಳಗೆ ಬದುಕಿದ್ದರು.